ಸೆಪ್ಟೆಂಬರ್ ಕೊನೆಗೆ ಹುಬ್ಬಳ್ಳಿಯಿಂದ ಯಲ್ಲಾಪುರ, ಶಿರಸಿ ಕಡೆಯ ಜಲಪಾತಗಳಿಗೆ ಬೈಕು: ದಾರಿ, ತಯಾರಿ ಹೇಳ್ರಿ

ಉಣಕಲ್ ದಂಡೆ
ನಮಸ್ಕಾರ್ರಿ ಎಲ್ಲಾರಿಗೂ. ಸೆಪ್ಟೆಂಬರ್ ಕೊನೇ ವಾರ ಮೂರು ದಿನ ಸಿಗತಾವು. ಗಾಡಿ ಎರಡು: ಒಂದು 150 ಸಿಸಿ ಬೈಕು (ಇಬ್ಬರು), ಇನ್ನೊಂದು 110 ಸಿಸಿ ಗೇರಿಲ್ಲದ ಸ್ಕೂಟರ್ (ಒಬ್ಬರು). ಮಾಗೋಡು, ಸಾತೊಡ್ಡಿ, ಶಿವಗಂಗಾ, ಉಂಚಳ್ಳಿ, ಬುರುಡೆ ಜೋಗ, ಬೆಣ್ಣೆಹೊಳೆ, ವಿಭೂತಿ ಏಳೂ ನೋಡಿ ಕಾರವಾರಕ್ಕ ಇಳದು, ಅರಬೈಲ್ ಘಟ್ಟ ಹತ್ತಿ ವಾಪಸ್ ಬರಬೇಕಂತ ಅದೀವಿ. ಮ್ಯಾಪಿನ್ಯಾಗ ನೋಡಿದ್ರ ಎಲ್ಲಾ ಬಾಜೂಬಾಜೂಕ ಅದಾವು. ಸ್ಕೂಟರ್ ನಡೀತದೇನ್ರಿ? ಏನೇನ್ ತಗೊಂಡ್ ಬರಬೇಕು?

ಸೋಂದಾ ಸಂಕ
ಏಳು ಆಗುವುದಿಲ್ಲ. ಮೂರು ಆರಾಮಾಗಿ ಆಗುತ್ತದೆ, ಹಠ ಹಿಡಿದರೆ ನಾಲ್ಕು.

ಮ್ಯಾಪಿನಲ್ಲಿ ಹತ್ತಿರ ಕಂಡಿದ್ದು ಇಲ್ಲಿ ಹತ್ತಿರ ಇರುವುದಿಲ್ಲ. ಇಲ್ಲಿನ ಪ್ರತಿಯೊಂದು ಜಲಪಾತವೂ ಒಂದೊಂದು ಹೊಳೆಯ ಕೊರಕಲಿನಲ್ಲಿದೆ. ಅಲ್ಲಿಗೆ ಹೋಗುವ ರಸ್ತೆ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ಹೋದ ದಾರಿಯಲ್ಲೇ ಮತ್ತೆ ಮುಖ್ಯರಸ್ತೆಗೆ ಹತ್ತಿ ಬಂದು ಇನ್ನೊಂದು ಕೊರಕಲಿಗೆ ಇಳಿಯಬೇಕು. ಆದ್ದರಿಂದ ಊರಿನ ಹೆಸರು ಬಿಟ್ಟು ಹೊಳೆ ಹಿಡಿದು ಪ್ಲಾನ್ ಮಾಡಿ.

ಬೇಡ್ತಿ (ಕೆಳಗೆ ಹೋದಮೇಲೆ ಗಂಗಾವಳಿ): ಮಾಗೋಡು. ಶಿರಸಿ ಸೀಮೆಯ ಶಾಲ್ಮಲಾ ಇದನ್ನೇ ಸೇರುತ್ತದೆ. ಶಿವಗಂಗಾ ಅದರ ಮೇಲಿದೆ.
ಕಾಳಿ: ಸಾತೊಡ್ಡಿ. ಅದರ ನೀರು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತದೆ.
ಅಘನಾಶಿನಿ: ಉಂಚಳ್ಳಿ, ಬುರುಡೆ, ಬೆಣ್ಣೆಹೊಳೆ.
ವಿಭೂತಿ ಘಟ್ಟದ ಕೆಳಗೆ, ಅಂಕೋಲಾ ತಾಲೂಕು. ಅದನ್ನು ಯಾಣದ ಜೊತೆ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಒಳರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ಸರಾಸರಿ ಹಿಡಿಯಿರಿ. ಮಳೆ ಬಂದರೆ 20. ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧ ಸೇರಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ.

ದಿನ 1: ಹುಬ್ಬಳ್ಳಿ–ಯಲ್ಲಾಪುರ ಸುಮಾರು 70, ಅಲ್ಲಿಂದ ಮಾಗೋಡು ಹೋಗಿ ಬರಲು 35 ಚಿಲ್ಲರೆ. ದಾರಿಯಲ್ಲೇ ಕವಡಿಕೆರೆ. ಹೊತ್ತಿದ್ದರೆ ಜೇನುಕಲ್ಲು ಗುಡ್ಡ. ವಸತಿ ಯಲ್ಲಾಪುರ.
ದಿನ 2: ಬೆಳಿಗ್ಗೆ ಎದ್ದವರೇ ಸಾತೊಡ್ಡಿ. ಹೋಗಿ ಬರಲು 65 ಕಿ.ಮೀ., ಆದರೆ ಅರ್ಧ ದಿನ ಹೋಗುತ್ತದೆ. ಊಟ ಯಲ್ಲಾಪುರದಲ್ಲಿ. ಮಂಚಿಕೇರಿ ಮೇಲೆ ಶಿರಸಿ, 50 ಕಿ.ಮೀ. ದಾರಿಯಲ್ಲಿ ಹುಳಗೋಳ ಹತ್ತಿರ ಸಹಸ್ರಲಿಂಗ. ಸೆಪ್ಟೆಂಬರ್‌ನಲ್ಲಿ ಹೆಚ್ಚಿನ ಲಿಂಗಗಳು ನೀರಿನಡಿಯೇ ಇರುತ್ತವೆ, ಅದಕ್ಕಾಗಿ ಗಂಟೆಗಟ್ಟಲೆ ಕಾಯಬೇಡಿ.
ದಿನ 3: ಉಂಚಳ್ಳಿ, ಮಧ್ಯಾಹ್ನದೊಳಗೆ ಶಿರಸಿಗೆ ವಾಪಸ್. ಮುಂಡಗೋಡ, ತಡಸ ಮೇಲೆ ಹುಬ್ಬಳ್ಳಿ ಸುಮಾರು 100.

ಕಾರವಾರ ಬಿಡಿ. ಅದನ್ನು ಸೇರಿಸಿದರೆ ಮೂರನೇ ದಿನ ಬರೀ ಹೆದ್ದಾರಿ ಓಡಿಸಿದ್ದಾಗುತ್ತದೆ.

ಉಣಕಲ್ ದಂಡೆ
ಮೂರಕ್ಕೆ ಇಳಿಸಿಬಿಟ್ರಲ್ಲರಿ 😄 ಬೆಣ್ಣೆಹೊಳೆ ಶಿರಸಿ–ಕುಮಟಾ ರಸ್ತೆ ಬಾಜೂಕ ಐತಿ, ಅದನ್ನಾದ್ರೂ ಹಾಕಬಹುದಲ್ಲ?

ಗಂಗಾವಳಿ ಆಚೆ
ಮುಖ್ಯರಸ್ತೆಯಿಂದ ಹತ್ತಿರ ಹೌದು, ಆದರೆ ಕಸಗೆ ಕಡೆ ಒಳಗೆ ಹೋದಮೇಲೆ ಕೊನೆಯ ಸುಮಾರು ಎರಡು ಕಿ.ಮೀ. ನಡಿಗೆ. ಅದರಲ್ಲೂ ಇಳಿಜಾರು ಕಾಡುದಾರಿ. ಆ ಮಣ್ಣುರಸ್ತೆಯಲ್ಲಿ ಸ್ಕೂಟರಿನ ಸಣ್ಣ ಚಕ್ರ ಹೂತುಹೋಗುತ್ತದೆ. ನವೆಂಬರ್ ನಂತರ ಬನ್ನಿ, ಆಗ ನೀರೂ ಇರುತ್ತದೆ, ದಾರಿಯೂ ಒಣಗಿರುತ್ತದೆ. ಬುರುಡೆ ಜೋಗವೂ ಹಾಗೆಯೇ. ಸಿದ್ದಾಪುರ–ಕುಮಟಾ ರಸ್ತೆಯಲ್ಲಿ ಇಳಿಮನೆ ಹತ್ತಿರ ಇಳಿಯಬೇಕು, ಮಳೆಗಾಲ ಮುಗಿಯುವ ತನಕ ಆ ಇಳಿಜಾರು ಜಾರುತ್ತದೆ.

ಶಿವಗಂಗಾ ಹುಲೇಕಲ್, ವಾನಳ್ಳಿ, ಜಡ್ಡಿಗದ್ದೆ ದಾರಿ. ಶಿರಸಿಯಿಂದ 40 ಕಿ.ಮೀ. ಮೇಲೆ. ದೂರದಿಂದ ನೋಡುವ ಜಲಪಾತ ಅದು, ಮೋಡ ಕುಳಿತರೆ ಹೋದದ್ದು ದಂಡ. ನಿಮ್ಮ ಮೂರು ದಿನಕ್ಕೆ ಅದು ಬೇಡ ಎನ್ನುವುದು ನನ್ನ ಮತ.

ಈಗ ಮೋಡದ ವಿಷಯ. ಮಾಗೋಡು ಸುಮಾರು 200 ಮೀಟರ್, ಉಂಚಳ್ಳಿ 116 ಮೀಟರ್. ಎರಡನ್ನೂ ಎದುರು ದಿಬ್ಬದ ಮೇಲಿಂದ ನೋಡಬೇಕು. ಜೂನ್, ಜುಲೈನಲ್ಲಿ ಮಂಜು ತುಂಬಿ ಬರೀ ಸದ್ದು ಕೇಳುತ್ತದೆ. ಸೆಪ್ಟೆಂಬರ್ ಕೊನೆಗೆ ಮಂಜು ಬಂದು ಬಂದು ಹೋಗುತ್ತಿರುತ್ತದೆ. ಬಿಳಿ ಗೋಡೆ ಕಂಡ ಕೂಡಲೇ ತಿರುಗಬೇಡಿ, ಅರ್ಧ ಗಂಟೆ ಕೂತರೆ ಬಹಳ ಸಲ ತೆರೆದುಕೊಳ್ಳುತ್ತದೆ. ಪ್ಲಾನಿನಲ್ಲಿ ಆ ಅರ್ಧ ಗಂಟೆಗೆ ಜಾಗ ಇಡಿ.

ನೀರಿನ ಬಣ್ಣದಲ್ಲೂ ವ್ಯತ್ಯಾಸ ಕಾಣುತ್ತೀರಿ. ಬೇಡ್ತಿಗೆ ನಿಮ್ಮ ಧಾರವಾಡ, ಕಲಘಟಗಿ ಬಯಲಿನ ಹೊಲದ ನೀರು ಬರುತ್ತದೆ, ದೊಡ್ಡ ಮಳೆ ಆದಮೇಲೆ ಮಾಗೋಡು ಕೆಂಪಗೆ ಬೀಳುತ್ತದೆ. ಬಯಲಿನ ಮಳೆ ನಿಂತಮೇಲೆ ಬೇಗ ಸೊರಗುತ್ತದೆ ಸಹ. ಅಘನಾಶಿನಿ ಶಿರಸಿಯಲ್ಲೇ ಹುಟ್ಟಿ ಕಾಡಿನಲ್ಲೇ ಹರಿಯುವುದು. ಅದಕ್ಕೆ ಅಣೆಕಟ್ಟು ಇಲ್ಲ. ಹಾಗಾಗಿ ಜೋಗದ ಹಾಗೆ ಲಿಂಗನಮಕ್ಕಿಯಿಂದ ಎಷ್ಟು ಬಿಟ್ಟರು ಎಂದು ಕೇಳುವ ಪ್ರಮೇಯ ಉಂಚಳ್ಳಿಗೆ ಬರುವುದಿಲ್ಲ. ಮೇಲೆ ಮಳೆ ಆಯಿತೋ, ಕೆಳಗೆ ನೀರು ಬಂತು.

ಚೈನ್ ಲೂಬ್
ಗಾಡಿ ವಿಷಯ ನಾ ಹೇಳ್ತೆ. ಸ್ಕೂಟರ್ ನಡೆಯುತ್ತದೆ, ಆದರೆ ಇಳಿಜಾರಿನಲ್ಲಿ ಓಡಿಸುವ ಕ್ರಮ ಗೊತ್ತಿರಬೇಕು.

ಗೇರಿಲ್ಲದ ಗಾಡಿಯಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್ ಇರುತ್ತದೆ. ಎಂಜಿನ್ ತಿರುಗುವ ವೇಗ ಇಳಿದರೆ, ಅಂದರೆ ಗಾಡಿ 10–15 ಕಿ.ಮೀ.ಗೆ ಬಂದರೆ, ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಭಾರ ಎಲ್ಲಾ ಬ್ರೇಕಿನ ಮೇಲೆ. ಸಾತೊಡ್ಡಿಗೆ ಇಳಿಯುವಾಗ ಹೆದರಿ ಹೆದರಿ ಪೂರ್ತಿ ನಿಧಾನ ಮಾಡಿ ಬ್ರೇಕ್ ಒತ್ತಿಕೊಂಡೇ ಹೋದರೆ ಹಿಂದಿನ ಡ್ರಮ್ ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಲಿವರ್ ಎಷ್ಟು ಹಿಂಡಿದರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಬಾರದು ಎಂದರೆ 20–25ರಲ್ಲಿ ಇರಿ, ಆ್ಯಕ್ಸಿಲರೇಟರ್ ಕೂದಲೆಳೆಯಷ್ಟು ತೆರೆದಿಟ್ಟು ಕ್ಲಚ್ ಹಿಡಿದಿರುವ ಹಾಗೆ ನೋಡಿಕೊಳ್ಳಿ. ತಿರುವಿಗೆ ಮೊದಲು ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ಬಿಡಿ. ಹಿಡಿದು ಬಿಡುವುದು, ಹಿಡಿದು ಬಿಡುವುದು. ವಾಸನೆ ಬಂದರೆ ನಿಲ್ಲಿಸಿ, 15 ನಿಮಿಷ ಆರಲಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ.

ಬೈಕಿನವರು ಏರಿದ ಗೇರಿನಲ್ಲೇ ಇಳಿಯಿರಿ. ಎರಡನೇ ಗೇರಿನಲ್ಲಿ ಹತ್ತಿದ ಏರು ಇಳಿಯುವಾಗಲೂ ಎರಡೇ. ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಹಾಕುವವರಿದ್ದಾರೆ, ಅದು ಇಲ್ಲಿ ಬೇಡವೇ ಬೇಡ. "ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು" ಎನ್ನುವುದೂ ತಪ್ಪು. ಗಾಡಿ ನೆಟ್ಟಗಿರುವಾಗ ಮುಂದಿನದೇ ಹೆಚ್ಚು ನಿಲ್ಲಿಸುತ್ತದೆ. ಮುಟ್ಟಬಾರದ್ದು ಗಾಡಿ ವಾಲಿಸಿದಾಗ ಮಾತ್ರ.

ಹೊರಡುವ ಮೊದಲು:

ಟೈರು. ಗ್ರೂವ್ ಒಳಗಿನ ಟಿಡಬ್ಲ್ಯುಐ ದಿಬ್ಬದ (ಟೈರ್ ಸವೆತ ತೋರಿಸುವ ಗುರುತು) ಮಟ್ಟಕ್ಕೆ ಟೈರ್ ಸವೆದು ಬಂದಿದ್ದರೆ ಬದಲಿಸಿಯೇ ಬನ್ನಿ. ಗಾಳಿ ಸ್ಟಿಕ್ಕರಿನಲ್ಲಿ ಬರೆದಷ್ಟೇ, ಇಬ್ಬರು ಕೂರುವುದಾದರೆ ಹಿಂದಕ್ಕೆ ಅದರಲ್ಲೇ ಬರೆದ ಹೆಚ್ಚಿನ ಅಂಕಿ. ಜಾರಬಾರದು ಎಂದು ಗಾಳಿ ಇಳಿಸಿದರೆ ಹೊಂಡಕ್ಕೆ ರಿಮ್ ಬಡಿಯುತ್ತದೆ.

ಚೈನು. ಸಡಿಲ ಎಷ್ಟಿರಬೇಕು ಎಂದು ಸ್ವಿಂಗ್‌ಆರ್ಮ್ ಮೇಲೆ ಬರೆದಿರುತ್ತದೆ, ಸಾಮಾನ್ಯ 20–30 ಮಿ.ಮೀ. ಇಬ್ಬರು ಕೂತಾಗ ಚೈನ್ ಬಿಗಿಯಾಗುತ್ತದೆ, ಮೊದಲೇ ಬಿಗಿ ಮಾಡಿಟ್ಟರೆ ಸ್ಪ್ರಾಕೆಟ್ ಹಲ್ಲು ತಿನ್ನುತ್ತದೆ. ಒಣ ರಸ್ತೆಯಲ್ಲಿ 500 ಕಿ.ಮೀ.ಗೆ ಒಮ್ಮೆ ಎಣ್ಣೆ ಹಾಕುವವರು ಮಳೆಯಲ್ಲಿ ಪ್ರತಿ ರಾತ್ರಿ ಹಾಕಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಒಳಬದಿಯಿಂದ ಹನಿ ಹನಿ ಬಿಡಿ. ಗಾಡಿ ಬಿಸಿ ಇರುವಾಗಲೇ ಹಾಕಿದರೆ ರೋಲರ್ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಹಾಕಿಕೊಂಡು ಹೊರಟರೆ ಅರ್ಧ ನಿಮ್ಮ ಪ್ಯಾಂಟಿಗೆ.

ಪಂಕ್ಚರ್. ಟ್ಯೂಬ್‌ಲೆಸ್ ಆದರೆ ಪ್ಲಗ್ ಸ್ಟ್ರಿಪ್ ಐದು, ಸೂಜಿ, ಕೈಪಂಪು. ಟ್ಯೂಬ್ ಟೈರ್ ಆದರೆ ಬೇರೆ ಟ್ಯೂಬ್, ಲಿವರ್ ಎರಡು, ಆ್ಯಕ್ಸಲ್ ನಟ್ಟಿಗೆ ಸರಿಹೊಂದುವ ಪಾನಾ. ಗಾಡಿ ಜೊತೆ ಕೊಟ್ಟ ಟೂಲ್ ಕಿಟ್ಟಿನ ಪಾನಾ ಬಗ್ಗುತ್ತದೆ, ನಂಬಬೇಡಿ.

ಕ್ಲಚ್ ಕೇಬಲ್ ಒಂದು, ಬಲ್ಬ್ ಒಂದು, ಇನ್ಸುಲೇಶನ್ ಟೇಪ್. ಸ್ಪಾರ್ಕ್ ಪ್ಲಗ್ ಕ್ಯಾಪಿಗೆ ನೀರು ಹೋದರೆ ಗಾಡಿ ತಡವರಿಸುತ್ತದೆ, ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಹಾಕಿದರೆ ಸಾಕು.

ಉಣಕಲ್ ದಂಡೆ
ಭಾಳ ಛಲೋ ಆತು ಅಣ್ಣಾ. ರಸ್ತೆ ಮ್ಯಾಲೆ ಎಲ್ಲಿ ಹುಷಾರಿರಬೇಕು?

ಚೈನ್ ಲೂಬ್
ಮೂರು ಕಡೆ. ಒಂದು, ಅಡಿಕೆ ತೋಟದ ನೆರಳಿನ ಕಾಂಕ್ರೀಟ್ ರಸ್ತೆ. ನೋಡಲು ಚೊಕ್ಕ ಇರುತ್ತದೆ, ಅಂಚಿನ ಎರಡಡಿ ಹಸಿರು ಹಾವಸೆ ಕಟ್ಟಿರುತ್ತದೆ. ಎದುರು ಜೀಪು ಬಂತೆಂದು ಅಂಚಿಗೆ ಸರಿದು ಬ್ರೇಕ್ ಹಿಡಿದರೆ ಬಿದ್ದಹಾಗೆ. ಅಗಲ ಇರುವಲ್ಲಿ ಮೊದಲೇ ನಿಂತು ಅವರಿಗೆ ದಾರಿ ಕೊಡಿ. ಎರಡು, ತಿರುವಿನ ಒಳಬದಿ. ದರೆಯಿಂದ (ರಸ್ತೆಗಾಗಿ ಕಡಿದ ಗುಡ್ಡದ ಬದಿ) ತೊಳೆದು ಬಂದ ಕೆಂಪು ಜಲ್ಲಿ ಅಲ್ಲೇ ಕೂರುತ್ತದೆ, ಹಾಗಾಗಿ ತಿರುವು ಕತ್ತರಿಸಬೇಡಿ. ಮೂರು, ಗಾಡಿ ನಿಲ್ಲಿಸುವಾಗ. ನೆನೆದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ನಿಧಾನ ಇಳಿದು, ನೀವು ಜಲಪಾತ ನೋಡಿ ಬರುವಷ್ಟರಲ್ಲಿ ಗಾಡಿ ಮಲಗಿರುತ್ತದೆ. ಚಪ್ಪಟೆ ಕಲ್ಲೊಂದು ಸ್ಟ್ಯಾಂಡಿನಡಿ ಇಡಿ, ಮೊದಲ ಗೇರಿನಲ್ಲಿ ಬಿಡಿ.

ಡಿಸೆಂಬರಿನಲ್ಲಿ ಬರುವವರು ಬೇಕಾದರೆ ಇನ್ನೊಂದು ಸೇರಿಸಿಕೊಳ್ಳಿ: ಮುಂಡಗೋಡ, ಬನವಾಸಿ ಕಡೆ ಒಕ್ಕಣೆಗೆ ರಸ್ತೆ ಮೇಲೆ ಹುಲ್ಲು ಹಾಸಿರುತ್ತಾರೆ. ಚೈನಿಗೂ ಹಿಂದಿನ ಹಬ್ಬಿಗೂ ಸುತ್ತಿಕೊಳ್ಳುತ್ತದೆ.

ಸಿದ್ದಾಪುರ ಸೀಮೆ
ಉಂಚಳ್ಳಿಗೆ ಶಿರಸಿಯಿಂದ ಬರುವವರು ಕುಮಟಾ ರಸ್ತೆಯಲ್ಲಿ ಅಮ್ಮಿನಳ್ಳಿ ತನಕ ಬಂದು ಎಡಕ್ಕೆ ಹೊರಳಿ, ಹೆಗ್ಗರಣೆ ಕೇಳಿಕೊಂಡು ಬನ್ನಿ. ಒಟ್ಟು 30 ಕಿ.ಮೀ. ಮೇಲೆ, ಒಂದೂಕಾಲು ಗಂಟೆ. ದಾರಿ ಕೇಳುವಾಗ ಕೆಪ್ಪಜೋಗ ಎಂದರೂ ನಡೆಯುತ್ತದೆ, ಲಷಿಂಗ್ಟನ್ ಎಂದರೆ ಎಲ್ಲರಿಗೂ ತಿಳಿಯಲಿಕ್ಕಿಲ್ಲ. ಮ್ಯಾಪ್ ಕೆಲವು ಸಲ ತೋಟದೊಳಗಿನ ದಾರಿ ತೋರಿಸುತ್ತದೆ, ಅದು ಕಾಲುಸಂಕಕ್ಕೆ (ಹಳ್ಳ ದಾಟುವ ಸಣ್ಣ ಮರದ ಸೇತುವೆ) ಹೋಗಿ ನಿಲ್ಲುತ್ತದೆ. ಕಾಲುಸಂಕದ ಮೇಲೆ ಬೈಕ್ ದಾಟಿಸುವ ಸಾಹಸ ಬೇಡ. ಮರದ ದಬ್ಬೆ ಒಳಗೆ ಕೊಳೆತದ್ದು ಮೇಲಿಂದ ಕಾಣುವುದಿಲ್ಲ.

ಗಾಡಿ ನಿಲ್ಲಿಸಿ ಮೆಟ್ಟಿಲಿಳಿದರೆ ನೋಡುವ ಜಾಗಗಳು. ಬೇಲಿಯ ಆಚೆ ಕಾಲಿಡಬೇಡಿ. ಅಲ್ಲಿ ಹುಲ್ಲು ಇದೆ, ಹುಲ್ಲಿನ ಕೆಳಗೆ ನೆಲ ಇದೆ ಎಂಬ ಖಾತ್ರಿ ಇಲ್ಲ.

ಉಂಬಳ (ಜಿಗಣೆ): ಸೆಪ್ಟೆಂಬರ್ ಅಂದರೆ ತುಂಬಾ ಇರುತ್ತವೆ. ಉದ್ದ ಸಾಕ್ಸು, ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ. ಸಾಕ್ಸಿನ ಮೇಲೆ ಬೇವಿನೆಣ್ಣೆ, ಅಥವಾ ತಂಬಾಕು ನೆನೆಸಿದ ನೀರು. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಪ್ಪು ಹಾಕಿದರೆ ಬಿಡುತ್ತದೆ, ಉಗುರಿನಿಂದ ಪಕ್ಕಕ್ಕೆ ಜಾರಿಸಿದರೂ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ, ತೊಳೆದು ಬಟ್ಟೆ ಕಟ್ಟಿ. ಹೆಲ್ಮೆಟ್ಟನ್ನು ಹುಲ್ಲಿನ ಮೇಲೆ ಇಡಬೇಡಿ, ಕನ್ನಡಿಗೆ ಸಿಕ್ಕಿಸಿ.

ಉಣ್ಣೆಯ (ಉಣುಗು, ರಕ್ತ ಹೀರುವ ಸಣ್ಣ ಹುಳ) ವಿಷಯ ಬೇರೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ (ಕೆಎಫ್‌ಡಿ) ನಮ್ಮ ತಾಲೂಕಿನಲ್ಲಿ ಇದೆ. ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ. ನೀವು ಸೆಪ್ಟೆಂಬರಿನಲ್ಲಿ ಬರುವುದರಿಂದ ಅಷ್ಟು ಚಿಂತೆ ಇಲ್ಲ, ಆದರೆ "ನವೆಂಬರ್ ನಂತರ ಬನ್ನಿ" ಎಂದು ಮೇಲೆ ಬರೆದದ್ದನ್ನು ಓದಿ ಬೇಸಿಗೆಗೆ ಪ್ಲಾನ್ ಮಾಡುವವರಿಗೆ ಹೇಳುತ್ತೇನೆ: ಕಾಡಿನಲ್ಲಿ ತರಗೆಲೆ ಮೇಲೆ ಕೂರಬೇಡಿ, ಮೈಕೈಗೆ ಉಣ್ಣೆ ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿ, ರಾತ್ರಿ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೇ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಹೋಗಿ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಸಿದ್ದಾಪುರದ ಕಾಡಿಗೆ ಹೋಗಿದ್ದೆ" ಎಂಬ ಮಾತು ಮೊದಲು ಹೇಳಿ. ಅದನ್ನು ಹೇಳದಿದ್ದರೆ ಬೇರೆ ಜ್ವರ ಎಂದುಕೊಂಡು ದಿನ ಕಳೆದುಹೋಗುತ್ತದೆ.

ಕಾಳಿ ಕಡವು
ಕಾರವಾರದಿಂದ ಹೊರಡುವವರೂ ಈ ಚರ್ಚೆ ಓದುತ್ತಾರೆ, ಅವರಿಗಾಗಿ ಎರಡು ಮಾತು. ಕದ್ರಾ, ಕೈಗಾ, ಬಾರೆ ಮೇಲೆ ಯಲ್ಲಾಪುರಕ್ಕೆ ರಸ್ತೆ ಇದೆ. ಅಂಕೋಲಾ ಸುತ್ತಿ ಅರಬೈಲ್ ಲಾರಿಗಳ ಹಿಂದೆ ಹೊಗೆ ಕುಡಿಯುವುದು ತಪ್ಪುತ್ತದೆ. ಆದರೆ ಗುಡ್ಡ ಕುಸಿಯುವ ಜಾಗ, ಜುಲೈ-ಆಗಸ್ಟಿನಲ್ಲಿ ವಿಚಾರಿಸದೆ ಹೊರಡಬೇಡಿ. ನಡುವೆ ಪೆಟ್ರೋಲ್ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ, ಕಾರವಾರದಲ್ಲೇ ಟ್ಯಾಂಕ್ ತುಂಬಿಸಿ.

ಚೆಂಡಿಯಾದ ನಾಗರಮಡಿ ಪೇಟೆಗೆ ಹತ್ತಿರ ಎಂದು ಎಲ್ಲರೂ ಹೋಗುತ್ತಾರೆ. ಅಲ್ಲಿ ನೀರು ಬಂಡೆಯ ಸಂದಿಯಿಂದ ಬರುತ್ತದೆ. ಸಂದಿ ಆದ್ದರಿಂದಲೇ ಮೇಲೆ ಮಳೆಯಾದರೆ ಕೆಳಗೆ ನಿಮಿಷದಲ್ಲಿ ಏರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಗುಡ್ಡದ ಮೇಲೆ ಕಪ್ಪು ಕಟ್ಟಿದೆಯೇ ನೋಡಿ. ತಿಳಿನೀರು ಕದಡಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪ ಆಯಿತು ಎಂದರೆ ಚಪ್ಪಲಿ ಹುಡುಕುತ್ತಾ ನಿಲ್ಲದೆ ದಡಕ್ಕೆ ಬನ್ನಿ. ಸಾತೊಡ್ಡಿಗೂ ಇದೇ ಮಾತು. ಅದು ಸುಮಾರು 15 ಮೀಟರಿನದು, ಬುಡದ ತನಕ ಹೋಗಬಹುದು, ಹಾಗಾಗಿಯೇ ಜನ ಮೈಮರೆಯುವುದು.

ಗೋವಾದಲ್ಲಿ ಬಾಡಿಗೆಗೆ ಹಿಡಿದ ಗಾಡಿ ರಾಜ್ಯದ ಗಡಿ ದಾಟಬಹುದೇ ಎಂದು ಕಾಗದದಲ್ಲಿ ನೋಡಿಕೊಳ್ಳಿ. ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನದ್ದು ಕೊಟ್ಟರೆ ಬೇಡ ಎನ್ನಿ, ಅಪಘಾತವಾದರೆ ವಿಮೆಗೆ ತಕರಾರು ಬರುತ್ತದೆ.

ಪೆಡಲ್ ಪುರಾಣ
ಸೈಕಲ್ಲಿನವರು ಯಾರಾದರೂ ಇದ್ದೀರಾ? ಶಿರಸಿ–ಉಂಚಳ್ಳಿ–ಸಿದ್ದಾಪುರ–ಶಿರಸಿ ಸುತ್ತು ಸುಮಾರು 105 ಕಿ.ಮೀ., ಮೇಲೆ ಕೆಳಗೆ ಮೇಲೆ ಕೆಳಗೆ. ಮುಂದೆ ಸಣ್ಣ ಚಕ್ರ 34, ಹಿಂದೆ ದೊಡ್ಡದು 34 ಹಲ್ಲಿನದು ಇದ್ದರೆ ಕೂತೇ ಹತ್ತಬಹುದು. 28 ಮಿ.ಮೀ.ಗಿಂತ ಸಪೂರ ಟೈರ್ ಬೇಡ. ರಿಮ್ ಬ್ರೇಕ್ ಇದ್ದವರು ಹೆಚ್ಚುವರಿ ಬ್ರೇಕ್ ರಬ್ಬರ್ ಒಂದು ಜೊತೆ ಇಟ್ಟುಕೊಳ್ಳಿ, ಕೆಂಪು ಮಣ್ಣುನೀರು ಒಂದೇ ದಿನದಲ್ಲಿ ಸವೆಸುತ್ತದೆ.

ಉಣಕಲ್ ದಂಡೆ
ಸೋಂದಾ ಅಣ್ಣನ ಪ್ಲಾನೇ ಫಿಕ್ಸ್ ಮಾಡೇವಿ. ಮಾಗೋಡು, ಸಾತೊಡ್ಡಿ, ಉಂಚಳ್ಳಿ. ಇನ್ನು ರೇನ್‌ಕೋಟು, ಪೆಟ್ರೋಲು, ನೆಟ್‌ವರ್ಕು, ಊಟ?

ಸೋಂದಾ ಸಂಕ
ರೇನ್‌ಕೋಟ್ ಪ್ಯಾಂಟು-ಶರ್ಟು ಬೇರೆ ಬೇರೆ ಇರುವುದೇ ಬೇಕು. ಪೊಂಚೊ ಗಾಳಿಗೆ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕುತ್ತದೆ. ಬ್ಯಾಗಿನ ಮೇಲೆ ಕವರ್ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬಟ್ಟೆಯನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಬ್ಯಾಗಿಗೆ. ಹೆಲ್ಮೆಟ್ ಗಾಜು ಒಳಗಿನಿಂದ ಮಂಜು ಕಟ್ಟಿದರೆ ಒಂದು ಹನಿ ಶಾಂಪೂ ಒಣಬಟ್ಟೆಯಲ್ಲಿ ಸವರಿ ಒರೆಸಿಬಿಡಿ. ಕಪ್ಪು ಗಾಜು ಮನೆಯಲ್ಲೇ ಇರಲಿ.

ಪೆಟ್ರೋಲ್ ಯಲ್ಲಾಪುರ, ಶಿರಸಿ, ಸಿದ್ದಾಪುರ ಪೇಟೆಯಲ್ಲಿ. ಪೇಟೆ ಬಿಡುವ ಮೊದಲು ತುಂಬಿಸುವುದು ನಿಯಮ. 45 ಕೊಡುವ ಗಾಡಿ ಇಲ್ಲಿ 35–38 ಎಂದು ಲೆಕ್ಕ ಹಾಕಿ. ಸ್ಕೂಟರಿನ ಟ್ಯಾಂಕ್ ಚಿಕ್ಕದು, ಅದರ ಲೆಕ್ಕದಲ್ಲೇ ಇಬ್ಬರೂ ನಿಲ್ಲಿಸಿ. ಒಳಗೆ ಫೋನ್ ಹಿಡಿಯುವುದಿಲ್ಲ, ಹಿಡಿದರೆ ಬಿಎಸ್ಸೆನ್ನೆಲ್. ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಗೇಟಿನ ಶುಲ್ಕ, ಪಾರ್ಕಿಂಗ್ ಎಲ್ಲಾ ನಗದು, ಫೋನ್ ಪೇ ನೆಟ್‌ವರ್ಕ್ ಇಲ್ಲದೆ ತಿರುಗುತ್ತಾ ಕೂರುತ್ತದೆ. ಹತ್ತು, ಇಪ್ಪತ್ತರ ಚಿಲ್ಲರೆ ಇರಲಿ.

ಊಟ: ಸಾತೊಡ್ಡಿಗೆ ಹೋಗುವಾಗ ಯಲ್ಲಾಪುರದಲ್ಲೇ ಬನ್ಸ್-ಭಾಜಿ ತಿಂದು, ಕಟ್ಟಿಸಿಕೊಂಡೂ ಹೋಗಿ. ಶಿರಸಿಯಲ್ಲಿ ರಾತ್ರಿ ಊಟಕ್ಕೆ ಅಪ್ಪೆಹುಳಿ ಇದೆಯಾ ಕೇಳಿ. ತೊಡದೇವು (ಕಾಗದದಷ್ಟು ತೆಳ್ಳಗಿನ ಸಿಹಿ) ಮನೆಗೆ ಒಯ್ಯುವುದಾದರೆ ಗಟ್ಟಿ ಡಬ್ಬಿ ತನ್ನಿ, ಬ್ಯಾಗಿನಲ್ಲಿ ಹಾಕಿದರೆ ಹುಬ್ಬಳ್ಳಿಗೆ ಪುಡಿ ಮುಟ್ಟುತ್ತದೆ.

ಗಂಗಾವಳಿ ಆಚೆ
ಕೊನೆಗೊಂದು. ಹೊರಡುವ ಹಿಂದಿನ ರಾತ್ರಿ ಹವಾಮಾನ ಇಲಾಖೆ ಉತ್ತರ ಕನ್ನಡಕ್ಕೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದೆ ನೋಡಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಜಿಲ್ಲಾಡಳಿತ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದುಂಟು, ಗೇಟಿನ ತನಕ ಹೋಗಿ ವಾಪಸ್ ಬರಬೇಕಾದೀತು. ಘಟ್ಟದ ರಸ್ತೆಗೂ ಇದೇ. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿದ್ದು, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಆಗಿದ್ದು ಎರಡೂ ಜೋರು ಮಳೆಯ ದಿನಗಳಲ್ಲೇ. ಮಳೆ ಹೊಯ್ಯುವಾಗ ಕಡಿದ ದರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ರೇನ್‌ಕೋಟ್ ಹಾಕಬೇಡಿ. ಬಸ್ ಸ್ಟಾಪೋ, ಬಯಲೋ ಸಿಗುವ ತನಕ ನೆನೆದರೂ ಅಡ್ಡಿಲ್ಲ.

ಉಣಕಲ್ ದಂಡೆ
ಆತ್ರಿ. ಮಾಗೋಡಿಗೆ ಮಧ್ಯಾಹ್ನ ಮೂರಕ್ಕ ಮುಟ್ಟಿದ್ರ ನಡೀತದ?

ಸೋಂದಾ ಸಂಕ
ಮಾಗೋಡಿಗೆ ಮೂರು ಗಂಟೆ ಅಡ್ಡಿಲ್ಲ, ಜೇನುಕಲ್ಲು ಗುಡ್ಡವನ್ನೂ ಸೇರಿಸುವುದಾದರೆ ಒಂದಕ್ಕೇ ಬನ್ನಿ. ಐದರ ಒಳಗೆ ಕಾಡು ಬಿಟ್ಟು ಯಲ್ಲಾಪುರದ ಕಡೆ ಮುಖ ಮಾಡಿರಬೇಕು. ಮೋಡ ಇದ್ದರೆ ಆರಕ್ಕೇ ಕತ್ತಲೆ, ರಸ್ತೆ ಮೇಲೆ ದನ ಮಲಗಿರುತ್ತವೆ.